ಕಾಡಿನ ನಡುವೆ ಸಭೆಯ ಕ್ಯಾಂಪ್ ನಡೆಸೋದು ಹೇಗೆ: ಕಾಣಿಕೆ ರಸೀದಿಯಿಂದ ಸೆಪ್ಟಿಕ್ ಟ್ಯಾಂಕ್ ತನಕ

ಪುಣೆ ಮುಂಬೈ ಕಡೆಯ ಕನ್ನಡ ಸಭೆಗಳಿಂದ, ಅಂದ್ರೆ ಚರ್ಚುಗಳಿಂದ, ಇದೊಂದು ಪ್ರಶ್ನೆ ನಿಲ್ಲೋದೇ ಇಲ್ಲ ನೋಡ್ರಿ. "ನಮ್ಮ ಯುವಕರ ಸಂಘಕ್ಕೆ, ಸಂಡೇ ಸ್ಕೂಲ್ ಮಕ್ಕಳಿಗೆ ಊರ ಹೊರಗೆ ಒಂದು ಕ್ಯಾಂಪ್ ಜಾಗ ಮಾಡ್ಬೇಕು ಅಂತಿದ್ದೀವಿ, ಕಾಣಿಕೆ ದುಡ್ಡಲ್ಲೇ ನಡೆಸ್ಬೇಕು, ಎಲ್ಲಿಂದ ಶುರು ಮಾಡೋದು?" ಪಿಂಪ್ರಿಯಿಂದ ಕೇಳ್ತಾರೆ, ದೇಹೂರೋಡಿಂದ ಕೇಳ್ತಾರೆ, ಕಲ್ಯಾಣದಿಂದ ಕೇಳ್ತಾರೆ. ಒಬ್ಬೊಬ್ಬರಿಗೇ ಫೋನಲ್ಲಿ ಹೇಳೋದಕ್ಕಿಂತ ಒಂದೇ ಸಲ ಬರೆದಿಡೋದು ವಾಸಿ ಅನ್ನಿಸ್ತು.

ಮೊದಲೇ ಒಂದು ಮಾತು. ಕಟ್ಟಡಕ್ಕೆ ದುಡ್ಡು ಕೊಡೋರು ಸಿಗ್ತಾರೆ, ಗೋಡೆ ಮೇಲೆ ಹೆಸರಿನ ಕಲ್ಲು ಹಾಕ್ತೀವಿ ಅಂದ್ರೆ ಇನ್ನೂ ಬೇಗ ಸಿಗ್ತಾರೆ. ಟ್ಯಾಂಕ್ ಖಾಲಿ ಮಾಡಿಸೋಕೆ, ವಾಚ್‌ಮನ್ ಸಂಬಳಕ್ಕೆ, ಸುಟ್ಟುಹೋದ ಪಂಪಿನ ಮೋಟರ್‌ಗೆ ಕೊಡೋರು ಸಿಗೋದಿಲ್ಲ. ಕ್ಯಾಂಪುಗಳು ಮುಚ್ಚೋದು ಈ ಎರಡನೇ ಪಟ್ಟಿಯಿಂದಲೇ. ಮುಂದೆ ಬರೆದಿರೋದೆಲ್ಲ ಇದನ್ನ ತಲೇಲಿ ಇಟ್ಕೊಂಡೇ ಓದ್ರಿ.

1. ಮೊದಲು ಬಾಡಿಗೆಗೆ ಮಾಡಿ ನೋಡ್ರಿ

ಜಾಗ ಹುಡುಕೋ ಮುಂಚೆ ಏನು ಮಾಡ್ತೀರಿ ಅನ್ನೋದು ತೀರ್ಮಾನ ಆಗ್ಬೇಕು. ಮಕ್ಕಳ ಮತ್ತು ಯುವಕರ ಕ್ಯಾಂಪ್ ಅಂದ್ರೆ ಆಟದ ಬಯಲು, ದೊಡ್ಡ ಹಾಲ್, ಜಾಸ್ತಿ ಸಂಡಾಸು ಬೇಕು. ರಿಟ್ರೀಟ್, ಅಂದ್ರೆ ಧ್ಯಾನಕೂಟ, ಉಪವಾಸ ಪ್ರಾರ್ಥನೆ, ಅದಕ್ಕೆ ಸಣ್ಣ ರೂಮುಗಳು, ನೆರಳು, ಸದ್ದಿಲ್ಲದ ಜಾಗ ಇದ್ರೆ ಸಾಕು. ಎರಡೂ ಒಂದೇ ವಾರ ಒಂದೇ ಜಾಗದಲ್ಲಿ ಇಟ್ರೆ ಇಬ್ಬರಿಗೂ ಸಮಾಧಾನ ಇರೋದಿಲ್ಲ.

ಕನಿಷ್ಠ ಎರಡು ವರ್ಷ ಬೇರೆಯವರ ಜಾಗ ಬಾಡಿಗೆಗೆ ತಗೊಂಡು ನಡೆಸ್ರಿ. ಮುಂಬೈಯವರಿಗೆ ಕರ್ಜತ್ ಸುಲಭ, ಲೋಕಲ್ ಟ್ರೇನಲ್ಲೇ ಹೋಗಬಹುದು. ಪುಣೆಯವರಿಗೆ ಲೋನಾವಳಾ ಲೋಕಲ್ ಇದೆ, ಇಲ್ಲ ಮುಳಶಿ, ಭೋರ್ ಕಡೆ ಬಸ್ ಮಾಡ್ಕೊಂಡು ಹೋಗಬಹುದು. ಪಂಚಗಣಿ ಚೆಂದ ಇದೆ ಆದ್ರೆ ಬಸ್ ಖರ್ಚು ಮತ್ತೆ ಘಾಟಲ್ಲಿ ಮಕ್ಕಳ ವಾಂತಿ ಎರಡನ್ನೂ ಲೆಕ್ಕಕ್ಕೆ ಹಿಡೀರಿ. ಬಾಡಿಗೆಗೆ ಮಾಡಿದಾಗ ಗೊತ್ತಾಗ್ತದೆ ನಿಮ್ಮ ಸಭೆಯಿಂದ ನಿಜವಾಗಿ ಎಷ್ಟು ಜನ ಬರ್ತಾರೆ, ಅಡಿಗೆಗೆ ಯಾರು ನಿಲ್ತಾರೆ, ಯಾರು ಬರೀ ಮೀಟಿಂಗಲ್ಲಿ ಮಾತಾಡ್ತಾರೆ ಅನ್ನೋದು.

ಯಾವಾಗ? ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ಒಳ್ಳೇ ಸಮಯ. ದೀಪಾವಳಿ ರಜೆ ಅಥವಾ ಕ್ರಿಸ್ಮಸ್ ಆದ ಮೇಲಿನ ವಾರ ಮಕ್ಕಳಿಗೆ ಸರಿ. ಫೆಬ್ರುವರಿ ಮಾರ್ಚಲ್ಲಿ ಹನ್ನೆರಡನೇದು, ಹತ್ತನೇದು ಬೋರ್ಡ್ ಪರೀಕ್ಷೆ, ದೊಡ್ಡ ಮಕ್ಕಳು ಬರಲ್ಲ. ಏಪ್ರಿಲ್ ಮೇನಲ್ಲಿ ರಜೆ ಇರ್ತದೆ ಆದ್ರೆ ನೀರು ಇರಲ್ಲ. ಜೂನ್‌ನಿಂದ ಸೆಪ್ಟೆಂಬರ್ ಸಹ್ಯಾದ್ರಿಯಲ್ಲಿ ಮಕ್ಕಳ ಕ್ಯಾಂಪ್ ಬ್ಯಾಡವೇ ಬ್ಯಾಡ, ಹಸಿರು ನೋಡಿ ಮರುಳಾಗ್ಬೇಡ್ರಿ.

2. ದುಡ್ಡು ತಗೊಳೋ ಮುಂಚೆ ಕಾಗದ ಪತ್ರ

ಸಭೆಯ ಯಾರೋ ಅಣ್ಣನ ಸೇವಿಂಗ್ಸ್ ಅಕೌಂಟಿಗೆ, ಗೂಗಲ್ ಪೇ ನಂಬರಿಗೆ ಕಾಣಿಕೆ ಹಾಕಿಸ್ಕೋಬೇಡ್ರಿ. ಆ ಅಣ್ಣ ಎಷ್ಟೇ ಪ್ರಾಮಾಣಿಕರಿದ್ರೂ ಆ ದುಡ್ಡು ಅವರ ಆದಾಯ ಅಂತ ಕಾಣ್ತದೆ, ನಾಳೆ ಮಾತು ಬಂದ್ರೆ ಅವರ ಹೆಸರೇ ಕೆಡೋದು. ಟ್ರಸ್ಟ್ ಬೇಕು, ಟ್ರಸ್ಟಿನ ಹೆಸರಲ್ಲೇ ಅಕೌಂಟ್ ಬೇಕು. ಮಹಾರಾಷ್ಟ್ರದಲ್ಲಿ 1950ರ ಪಬ್ಲಿಕ್ ಟ್ರಸ್ಟ್ ಕಾಯ್ದೆ ಪ್ರಕಾರ ಚಾರಿಟಿ ಕಮಿಷನರ್ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸ್ಬೇಕು. ಟ್ರಸ್ಟಿಗಳು ಬದಲಾದ್ರೆ 90 ದಿನದೊಳಗೆ ಚೇಂಜ್ ರಿಪೋರ್ಟ್ ಕೊಡ್ಬೇಕು, ಅಂದ್ರೆ ಯಾರು ಹೋದ್ರು ಯಾರು ಬಂದ್ರು ಅನ್ನೋ ವರದಿ. ಎಷ್ಟೋ ಸಭೆಗಳಲ್ಲಿ ತೀರಿಕೊಂಡ ಹಿರಿಯರ ಹೆಸರು ಇನ್ನೂ ದಾಖಲೇಲಿ ಟ್ರಸ್ಟಿ ಅಂತಲೇ ಇರ್ತದೆ, ಆಮೇಲೆ ಬ್ಯಾಂಕಲ್ಲಿ ಸಹಿ ಬದಲಿಸೋಕೆ ಹೋದಾಗ ಒದ್ದಾಡ್ತಾರೆ.

ಇನ್ನು ಎಲ್ಲರೂ ಕೇಳೋ 80ಜಿ. ದಾನ ಕೊಟ್ಟವರಿಗೆ ಇನ್‌ಕಮ್ ಟ್ಯಾಕ್ಸಲ್ಲಿ ರಿಯಾಯಿತಿ ಸಿಗೋ ನೋಂದಣಿ ಅದು. ಇಲ್ಲೊಂದು ದೊಡ್ಡ ಗುಂಡಿ ಇದೆ, ಬಹಳ ಜನ ಬೀಳ್ತಾರೆ. ಬರೀ ಒಂದು ಧರ್ಮದವರಿಗೋಸ್ಕರ ಅಂತ ಡೀಡಲ್ಲಿ, ಅಂದ್ರೆ ಟ್ರಸ್ಟ್ ಪತ್ರದಲ್ಲಿ, ಬರೆದಿರೋ ಟ್ರಸ್ಟಿಗೆ ಸಾಮಾನ್ಯವಾಗಿ ಈ 80ಜಿ ಸಿಗೋದಿಲ್ಲ, ಸಿಕ್ಕಿರೋ ಟ್ರಸ್ಟು ಕೂಡ ಧಾರ್ಮಿಕ ಕೆಲಸಕ್ಕೆ ವರ್ಷದ ಆದಾಯದ ಶೇಕಡಾ 5ಕ್ಕಿಂತ ಜಾಸ್ತಿ ಖರ್ಚು ಮಾಡಿದ್ರೆ ತೊಂದರೆ. ಬೈಬಲ್ ಕ್ಯಾಂಪ್ ಧಾರ್ಮಿಕ ಕೆಲಸವೇ, ಅದನ್ನ "ವ್ಯಕ್ತಿತ್ವ ವಿಕಸನ ಶಿಬಿರ" ಅಂತ ಹೆಸರು ಬದಲಿಸಿ ರಸೀದಿ ಕೊಡೋ ಚಾಲಾಕಿ ಬ್ಯಾಡ. ಆದ್ದರಿಂದ ನಿಮ್ಮ ಹತ್ರ ಸರ್ಟಿಫಿಕೇಟ್ ಕೈಗೆ ಬರೋವರೆಗೂ ಯಾರಿಗೂ "ಟ್ಯಾಕ್ಸ್ ಉಳೀತದೆ ಅಂಕಲ್" ಅಂತ ಹೇಳ್ಬೇಡ್ರಿ. ಸಿಕ್ಕಿದ್ರೂ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟವರಿಗೆ ರಿಯಾಯಿತಿ ಇಲ್ಲ, ಚೆಕ್ ಅಥವಾ ಯುಪಿಐ ಮಾಡ್ಸಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಅದರಲ್ಲಿ ಸೆಕ್ಷನ್ ನಂಬರ್‌ಗಳು, ಫಾರ್ಮುಗಳು ಬೇರೆ, ಜನ ಬಾಯಲ್ಲಿ 80ಜಿ ಅಂತಲೇ ಅಂತಿರ್ತಾರೆ, ನಿಮ್ಮ ಸಿಎ ಹತ್ರ ಹೊಸ ನಂಬರ್ ಬರೆಸ್ಕೊಂಡು ರಸೀದಿ ಪುಸ್ತಕ ಪ್ರಿಂಟ್ ಮಾಡ್ಸಿ.

ದುಬೈ, ಮಸ್ಕತ್ ಕಡೆ ಇರೋ ನಮ್ಮವರ ಕಾಣಿಕೆ ಬಗ್ಗೆ. ಇಂಡಿಯನ್ ಪಾಸ್‌ಪೋರ್ಟ್ ಇರೋರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಅಲ್ಲ. ಆದ್ರೆ ಅದೇ ಮನೆಯ ಮಗ ಅಮೆರಿಕಾ ಸಿಟಿಜನ್ ಆಗಿ ಒಸಿಐ ಕಾರ್ಡ್, ಅಂದ್ರೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋ ಕಾರ್ಡ್, ಹಿಡ್ಕೊಂಡಿದ್ರೆ ಅವನು ಕಳಿಸೋದು ವಿದೇಶಿ ದೇಣಿಗೆ, ಅದಕ್ಕೆ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಅಕೌಂಟಿಗೇ ಬರ್ಬೇಕು. ಪರದೇಶದಿಂದ ಬಂದ ಅತಿಥಿ ಕ್ಯಾಂಪಲ್ಲಿ ಪ್ರೀತಿಯಿಂದ ನೂರು ಡಾಲರ್ ನೋಟು ಕೈಗಿಟ್ರೂ ಅಷ್ಟೇ. ನಯವಾಗಿ ವಾಪಸ್ ಕೊಡ್ರಿ. ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳೋಕೆ ನಾಚಿಕೆ ಪಟ್ಕೋಬೇಡ್ರಿ, ಕೇಳಿದ್ದನ್ನ ಬರೆದೂ ಇಡ್ರಿ.

3. ಜಾಗ: ಲೀಸ್ ಆಗಲಿ ಖರೀದಿ ಆಗಲಿ

ಹಳೇ ಮಿಷನ್ ಬಂಗಲೆಗಳು ಗಿರಿಧಾಮಗಳಲ್ಲಿ ಇನ್ನೂ ಇವೆ, ಕೆಲವಂತೂ ಪಾಳು ಬಿದ್ದಿವೆ. ಅಂಥದ್ದು ಯಾವುದಾದ್ರೂ ಟ್ರಸ್ಟಿನದ್ದಾಗಿದ್ರೆ ಮೂರು ವರ್ಷಕ್ಕಿಂತ ಜಾಸ್ತಿ ಲೀಸ್ ತಗೊಳೋಕೆ ಚಾರಿಟಿ ಕಮಿಷನರ್ ಅನುಮತಿ ಬೇಕು. ಅನುಮತಿ ಇಲ್ಲದೆ ಹದಿನೈದು ವರ್ಷಕ್ಕೆ ಅಂತ ಬರೆಸ್ಕೊಂಡು ಛಾವಣಿಗೆ ಲಕ್ಷಗಟ್ಟಲೆ ಹಾಕಿದ್ರೆ ಆ ದುಡ್ಡು ಹೋಯ್ತು ಅಂತಲೇ ತಿಳ್ಕೊಳ್ರಿ.

ಖರೀದಿ ಅಂದ್ರೆ ಇನ್ನೂ ಕಷ್ಟ. ಮಹಾರಾಷ್ಟ್ರದಲ್ಲಿ ಹೊಲದ ಜಮೀನು ರೈತರಲ್ಲದವರು ನೇರವಾಗಿ ತಗೊಳೋ ಹಾಗಿಲ್ಲ. ಆಗ ಸಭೆಯಲ್ಲಿ ಯಾರೋ ಎದ್ದು "ನನ್ನ ಹೆಸರಲ್ಲಿ ಸಾತ್‌ಬಾರಾ (ಜಮೀನಿನ ದಾಖಲೆ) ಇದೆ, ನನ್ನ ಹೆಸರಲ್ಲೇ ತಗೊಳ್ರಿ, ದೇವರ ಕೆಲಸ ಅಲ್ವಾ" ಅಂತಾರೆ. ಬ್ಯಾಡ. ಒಬ್ಬರ ದುಡ್ಡು, ಇನ್ನೊಬ್ಬರ ಹೆಸರು ಅಂದ್ರೆ ಅದು ಬೇನಾಮಿ. ಅವರು ಒಳ್ಳೆಯವರೇ ಇರಬಹುದು, ಅವರ ಅಳಿಯಂದಿರ ಬಗ್ಗೆ ಯಾರು ಗ್ಯಾರಂಟಿ ಕೊಡ್ತಾರೆ? ಎನ್‌ಎ ಆಗಿರೋ ಜಾಗ, ಅಂದ್ರೆ ಬೇಸಾಯಕ್ಕಲ್ಲದ ಬಳಕೆಗೆ ಪರವಾನಗಿ ಸಿಕ್ಕಿರೋ ಜಾಗ ನೋಡ್ರಿ, ಸಣ್ಣದಾದ್ರೂ ಪರವಾಗಿಲ್ಲ.

ಸಾತ್‌ಬಾರಾ ಅಂದ್ರೆ ನಮ್ಮ ಕಡೆಯ ಪಹಣಿ ಇದ್ದ ಹಾಗೆ. ಅದರಲ್ಲಿ ಮಾಲೀಕರ ಹೆಸರು ಮಾತ್ರ ನೋಡಿ ಬಿಡಬೇಡ್ರಿ, "ಇತರ ಅಧಿಕಾರ" ಕಾಲಂ ಓದಿಸ್ರಿ. ಅಲ್ಲಿ ಕುಳದ, ಅಂದ್ರೆ ಗೇಣಿದಾರನ ಹೆಸರು ಇರಬಹುದು, ಬ್ಯಾಂಕ್ ಸಾಲ ಇರಬಹುದು, "ಖಾಸಗಿ ವನ" ಅಂತ ಶೆರಾ ಕೂಡ ಇರಬಹುದು. ಈ ಕೊನೇದು ಇದ್ರೆ ಅಲ್ಲಿಗೇ ಬಿಡ್ರಿ, 1975ರ ಖಾಸಗಿ ಅರಣ್ಯ ಕಾಯ್ದೆಯಡಿ ಸರ್ಕಾರಕ್ಕೆ ಸೇರಿದ ಜಮೀನು ಅದು. ಏಜೆಂಟು "ಸಾಹೇಬ್, ಕಾಡು ಇದ್ರೇನೇ ನಿಮಗೆ ಶಾಂತಿ" ಅಂತ ನಗ್ತಾನೆ. ಮಹಾಬಳೇಶ್ವರ ಪಂಚಗಣಿ 2001ರಿಂದ, ಮಾಥೇರಾನ್ ಸುತ್ತಮುತ್ತ 2003ರಿಂದ ಇಕೋ ಸೆನ್ಸಿಟಿವ್ ಝೋನ್, ಅಂದ್ರೆ ಪರಿಸರ ಸೂಕ್ಷ್ಮ ಪ್ರದೇಶ. ಅಲ್ಲಿ ಒಂದು ಶೆಡ್ ಹಾಕೋಕೂ ನಿಯಮ ಬಿಗಿ, ಮರ ಕಡಿಯೋ ಮಾತಂತೂ ಆಡಬೇಡ್ರಿ.

ಕಾಗದ ಸರಿ ಇದ್ರೂ ಜಾಗದಲ್ಲಿ ನಿಂತು ತಲೆ ಎತ್ತಿ ಮೇಲೆ ನೋಡ್ರಿ. 2014ರ ಜುಲೈಯಲ್ಲಿ ಪುಣೆ ಜಿಲ್ಲೆಯ ಮಾಳೀಣ, 2023ರ ಜುಲೈಯಲ್ಲಿ ರಾಯಗಡದ ಇರ್ಶಾಳವಾಡಿ, ಎರಡೂ ಊರುಗಳ ಮೇಲೆ ಗುಡ್ಡ ಕುಸಿದಿದ್ದು ನೆನಪಿರಬೇಕಲ್ಲ. ಕಡಿದಾದ ಇಳಿಜಾರಿನ ಬುಡದಲ್ಲಿ, ಹಳ್ಳದ ಪಾತ್ರದಲ್ಲಿ ಡಾರ್ಮಿಟರಿ ಬ್ಯಾಡ. ಮಳೆಗಾಲದಲ್ಲಿ ಒಂದು ಸಲ ಹೋಗಿ ನೀರು ಎಲ್ಲಿಂದ ಇಳಿದು ಎಲ್ಲಿಗೆ ಹೋಗ್ತದೆ ನೋಡಿದ ಮೇಲೆಯೇ ಅಡ್ವಾನ್ಸ್ ಕೊಡ್ರಿ.

4. ಬಜೆಟ್ ಮತ್ತು ಕೇಳೋ ರೀತಿ

ಒಂದು ಉದಾಹರಣೆ ಲೆಕ್ಕ ಹಾಕೋಣ, ನಿಮ್ಮ ಕಡೆ ರೇಟ್ ಬೇರೆ ಇರ್ತದೆ. 60 ಜನ, ಮೂರು ದಿನ ಎರಡು ರಾತ್ರಿ. ಜಾಗದ ಬಾಡಿಗೆ ತಲೆಗೆ ರಾತ್ರಿಗೆ 300 ಅಂದ್ರೆ 36,000. ಊಟ ತಿಂಡಿ ದಿನಕ್ಕೆ 350 ಅಂದ್ರೆ 63,000. ಬಸ್ಸಿಗೆ 40,000. ಟ್ಯಾಂಕರ್, ಔಷಧಿ, ಪ್ರಿಂಟಿಂಗ್ 15,000. ಸಂದೇಶ ಕೊಡೋರ ಪ್ರಯಾಣ ಮತ್ತು ಕಾಣಿಕೆ 12,000. ಒಟ್ಟು 1,66,000, ಅದರ ಮೇಲೆ ಶೇಕಡಾ 10 ತುರ್ತಿಗೆ ಅಂತ ಇಟ್ರೆ 1,82,600. ತಲೆಗೆ ಹತ್ತಿರ ಹತ್ತಿರ 3,050.

ಪೂರಾ ಫ್ರೀ ಮಾಡಬೇಡ್ರಿ. ಫ್ರೀ ಅಂದ್ರೆ 60 ಹೆಸರು ಕೊಟ್ಟು 38 ಜನ ಬರ್ತಾರೆ, ಅಡಿಗೆ ಮಾತ್ರ 60ಕ್ಕೆ ಆಗಿರ್ತದೆ. 1,500 ಫೀ ಇಟ್ಟು ಉಳಿದದ್ದು ದಾನಿಗಳಿಂದ ಕೇಳ್ರಿ. 1,500 ಕೂಡ ಕೊಡೋಕೆ ಆಗದ ಮನೆಗಳು ಎಲ್ಲ ಸಭೇಲೂ ಇರ್ತವೆ. ಅದನ್ನ ಪಾಸ್ಟರ್ ಒಬ್ಬರೇ ನೋಡ್ಕೊಳ್ಳಲಿ, ಹೆಸರು ಕಮಿಟಿಗೂ ಹೇಳೋದು ಬ್ಯಾಡ, "ಸ್ಪಾನ್ಸರ್ ಮಕ್ಕಳು" ಅಂತ ಬೇರೆ ಬಣ್ಣದ ಬ್ಯಾಡ್ಜ್ ಕೊಡೋದಂತೂ ದೇವರಾಣೆ ಬ್ಯಾಡ.

ಕೇಳುವಾಗ ಮೊತ್ತ ಹೇಳಿ ಕೇಳ್ರಿ. "ಕ್ಯಾಂಪಿಗೆ ಸಹಾಯ ಮಾಡಿ" ಅಂದ್ರೆ ನೂರು ರೂಪಾಯಿ ಬರ್ತದೆ. "ಒಂದು ಮಗುವಿನ ಅರ್ಧ ಖರ್ಚು 1,550" ಅಂದ್ರೆ ಜನ ಇಬ್ಬರದ್ದು, ಮೂವರದ್ದು ಬರೆಸ್ತಾರೆ. ಸುಗ್ಗಿ ಹಬ್ಬದ ಆರಾಧನೆ ಆದ ಮೇಲೆ ಕೇಳೋದು ಒಳ್ಳೇದು, ಡಿಸೆಂಬರಲ್ಲಿ ಎಲ್ಲರ ಜೇಬಿಗೂ ಹತ್ತು ಕೈ ಬಿದ್ದಿರ್ತವೆ. ದಶಮಾಂಶದಿಂದ, ಅಂದ್ರೆ ಸಭೆಗೆ ಕೊಡೋ ಆದಾಯದ ಹತ್ತನೇ ಒಂದು ಭಾಗದಿಂದ, ಕ್ಯಾಂಪಿಗೆ ತಿರುಗಿಸಿ ಅಂತ ಯಾರಿಗೂ ಹೇಳ್ಬೇಡ್ರಿ, ಸಭೆಯ ಖಜಾಂಚಿ ಜೊತೆ ಜಗಳಕ್ಕೆ ಅದೇ ಶುರು.

ಸ್ವಂತ ಜಾಗ ಆದ ಮೇಲೆ ಕಟ್ಟಡಕ್ಕೆ ಬಂದ ಪ್ರತಿ ದಾನದಲ್ಲಿ ಶೇಕಡಾ 15 ರಿಪೇರಿ ಫಂಡಿಗೆ ಹೋಗ್ತದೆ ಅಂತ ಅಪೀಲಲ್ಲೂ ರಸೀದಿಯಲ್ಲೂ ಮುಂಚೇನೇ ಅಚ್ಚು ಹಾಕಿಸ್ರಿ. ಆಮೇಲೆ ತೆಗೆದ್ರೆ ಮೋಸ ಮಾಡಿದ ಹಾಗೆ, ಮೊದಲೇ ಹೇಳಿದ್ರೆ ಯಾರೂ ತಕರಾರು ಮಾಡಲ್ಲ.

ವಸ್ತು ರೂಪದ ದಾನಕ್ಕೆ ಬೇಕಾದ್ದರ ಪಟ್ಟಿ ಕೊಡ್ರಿ, ಬ್ಯಾಡದ್ದರ ಪಟ್ಟಿನೂ ಕೊಡ್ರಿ. ಇಲ್ಲಾಂದ್ರೆ ಮನೆ ಬದಲಿಸೋರೆಲ್ಲ ಟೆಂಪೋದಲ್ಲಿ ಸ್ಪ್ರಿಂಗ್ ಎದ್ದ ಸೋಫಾ, ಒಂದು ರೆಕ್ಕೆ ಬಗ್ಗಿದ ಫ್ಯಾನು, ಪಿಕ್ಚರ್ ಟ್ಯೂಬಿನ ಟಿವಿ, ಮುಚ್ಚಳ ಕಳೆದ ಕುಕ್ಕರ್ ತಂದಿಳಿಸಿ "ದೇವರ ಕೆಲಸಕ್ಕೆ" ಅಂತ ಫೋಟೋ ತೆಗೆಸ್ಕೊಂಡು ಹೋಗ್ತಾರೆ, ಅದನ್ನ ಭಂಗಾರ್‌ವಾಲಾಗೆ, ಅಂದ್ರೆ ಗುಜರಿಯವನಿಗೆ, ಸಾಗಿಸೋ ಖರ್ಚು ನಿಮ್ಮದು.

ಖಾಲಿ ವಾರಗಳಲ್ಲಿ ಹೊರಗಿನವರಿಗೆ ಪಿಕ್ನಿಕ್‌ಗೆ ಬಾಡಿಗೆ ಕೊಡೋಣ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಟ್ರಸ್ಟ್ ನಡೆಸೋ ಧಾರ್ಮಿಕ ವಸತಿ ಶಿಬಿರದ ಫೀಗೆ ಜಿಎಸ್‌ಟಿ ವಿನಾಯಿತಿ ಇದೆ, 2018ರಲ್ಲಿ ಸುತ್ತೋಲೆಯಲ್ಲಿ ಸ್ಪಷ್ಟ ಮಾಡಿದ್ದಾರೆ. ಬರೀ ರೂಮು ಬಾಡಿಗೆಗೆ ಕೊಟ್ರೆ ಆ ವಿನಾಯಿತಿ ನಿಮ್ಮದಲ್ಲ. ನನ್ನ ಕೇಳಿದ್ರೆ ಬೇರೆ ಸಭೆಗಳ ಕ್ಯಾಂಪಿಗೆ ಮಾತ್ರ ಕೊಡ್ರಿ, ಭಾನುವಾರ ಬೆಳಿಗ್ಗೆ ಬಾಟಲಿ ಆರಿಸೋ ಕೆಲಸವೂ ತಪ್ತದೆ.

5. ನೀರು ಮತ್ತು ಸಂಡಾಸು

ಹಳ್ಳಿ ಮನೆಗಳಿಗೆ ಸರ್ಕಾರದ ಜಲಜೀವನ ಯೋಜನೆಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕ. ಕ್ಯಾಂಪಲ್ಲಿ ಅಡಿಗೆ, ಸ್ನಾನ, ಫ್ಲಶ್ ಎಲ್ಲ ಸೇರಿ 70 ಹಿಡೀರಿ. 60 ಜನಕ್ಕೆ ದಿನಕ್ಕೆ 4,200 ಲೀಟರ್, ಹತ್ತು ಸಾವಿರದ ಒಂದು ಟ್ಯಾಂಕರ್ ಎರಡೂವರೆ ದಿನ ಬರೋದೂ ಕಷ್ಟ. ಕರೆಂಟ್ ಹೋದ್ರೆ ಬೋರ್ ನಿಲ್ತದೆ, ಆದ್ದರಿಂದ ಮೇಲಿನ ಟ್ಯಾಂಕಲ್ಲಿ ಒಂದು ಪೂರ್ತಿ ದಿನದ ನೀರು ಇರೋ ಹಾಗೆ ಟ್ಯಾಂಕ್ ಹಾಕಿಸ್ರಿ. ಕುಡಿಯೋ ನೀರು ಬೇರೆ, ಕುದಿಸಿದ್ದು ಅಥವಾ ಫಿಲ್ಟರ್ ಮಾಡಿದ್ದು.

ಹತ್ತು ಜನಕ್ಕೆ ಒಂದು ಸಂಡಾಸಾದ್ರೂ ಬೇಕು, ಹೆಣ್ಣುಮಕ್ಕಳ ಕಡೆ ಒಂದೆರಡು ಜಾಸ್ತಿ ಇಡ್ರಿ. ಸೆಪ್ಟಿಕ್ ಟ್ಯಾಂಕು ಬಾವಿ, ಬೋರಿನಿಂದ ಕನಿಷ್ಠ 50 ಅಡಿ ದೂರ, ಇಳಿಜಾರಿನ ಕೆಳಗಡೆ. ಟ್ಯಾಂಕ್ ಕೆಲಸ ಮಾಡೋದು ಒಳಗಿರೋ ಬ್ಯಾಕ್ಟೀರಿಯಾದಿಂದ, ಕ್ಯಾಂಪಿಗೆ ಮುಂಚೆ ಉತ್ಸಾಹದಿಂದ ಬಾಟಲಿಗಟ್ಟಲೆ ಆಸಿಡ್ ಸುರಿದು ತೊಳೆದ್ರೆ ಅವೆಲ್ಲ ಸತ್ತು ಎರಡನೇ ದಿನಕ್ಕೇ ವಾಸನೆ ಏಳ್ತದೆ. ಬ್ರಷ್, ಸೋಪಿನ ನೀರು ಸಾಕು. ಪ್ಯಾಡ್ ಹಾಕೋಕೆ ಪ್ರತಿ ಬಾತ್‌ರೂಮಲ್ಲೂ ಮುಚ್ಚಳದ ಡಬ್ಬಿ, ಪಕ್ಕದಲ್ಲಿ ಹಳೇ ಪೇಪರ್ ಇಡ್ರಿ, ಇಲ್ಲಾಂದ್ರೆ ಪೈಪ್ ಕಟ್ಟೋದು ಖಂಡಿತ. ಟ್ಯಾಂಕ್ ತುಂಬಿದ್ರೆ ಗಾಡಿ ಕರೆಸಿ ಖಾಲಿ ಮಾಡಿಸ್ರಿ, ಒಳಗೆ ಮನುಷ್ಯರನ್ನ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ, ಪ್ರಾಣವೂ ಹೋಗ್ತದೆ.

6. ಹಳ್ಳಿಯವರು, ಪೊಲೀಸ್ ಪಾಟೀಲ, ಠಾಣೆ

ಹೋಗೋ ಹತ್ತು ಹದಿನೈದು ದಿನ ಮುಂಚೆ ಸರಪಂಚರನ್ನೂ ಪೊಲೀಸ್ ಪಾಟೀಲರನ್ನೂ ಖುದ್ದು ಕಂಡು ಮಾತಾಡ್ರಿ. ಪೊಲೀಸ್ ಪಾಟೀಲ ಅಂದ್ರೆ ಹಳ್ಳಿಯ ಸುದ್ದಿ ಠಾಣೆಗೆ ಮುಟ್ಟಿಸೋ ಸರ್ಕಾರಿ ಹುದ್ದೆ, ಆ ಊರಿನವರೇ ಇರ್ತಾರೆ. ಮರಾಠಿಯಲ್ಲಿ ಒಂದು ಪುಟದ ಪತ್ರ: ಯಾವ ಸಭೆ, ಎಷ್ಟು ಜನ, ಯಾವ ದಿನ, ಜವಾಬ್ದಾರರ ಫೋನ್. ಅದರದ್ದೇ ಪ್ರತಿ ಠಾಣೆಗೆ ಕೊಟ್ಟು ಸಿಕ್ಕಾ ಹಾಕಿಸ್ಕೊಂಡು ಬರ್ರಿ. ನಾಲ್ಕು ಬಸ್ಸು ಅಪರಿಚಿತರು ಬಂದು ಇಳಿದ್ರೆ ಯಾವ ಊರಲ್ಲೂ ಮಾತು ಹುಟ್ಟೇ ಹುಟ್ತದೆ. ನಿಮ್ಮ ಕಾರ್ಯಕ್ರಮ ನಿಮ್ಮ ಸಭೆಯವರಿಗೆ, ಅಕ್ಕಪಕ್ಕದ ವಾಡಿಯ, ಅಂದ್ರೆ ಸಣ್ಣ ಹಳ್ಳಿಯ, ಮಕ್ಕಳನ್ನ ಅಪ್ಪ ಅಮ್ಮನಿಗೆ ಹೇಳದೆ ಒಳಗೆ ಕರೆದು ಕೂರಿಸ್ಕೋಬೇಡ್ರಿ, ಬಿಸ್ಕತ್ ಕೊಡೋಕಾದ್ರೂ ಸರಿ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಸ್ಪೀಕರ್ ಬಂದ್, ಅದು ಕಾನೂನು.

ಊರಿನ ಬಚತ್ ಗಟಕ್ಕೆ, ಅಂದ್ರೆ ಹೆಂಗಸರ ಉಳಿತಾಯ ಸಂಘಕ್ಕೆ, ಭಾಕ್ರಿ ಆರ್ಡರ್ ಕೊಡ್ರಿ. ಬೀದರ್, ಕಲಬುರಗಿ ಕಡೆಯ ನಮ್ಮ ಹಿರಿಯರಿಗೆ ರೊಟ್ಟಿ ಸಿಕ್ಕ ಹಾಗೂ ಆಗ್ತದೆ, ಊರಿಗೆ ನಾಲ್ಕು ದುಡ್ಡು ಹೋದ ಹಾಗೂ ಆಗ್ತದೆ. ಮಾವಳದ, ಅಂದ್ರೆ ಲೋನಾವಳಾ ಸುತ್ತಿನ ಕಡೆ ಅಕ್ಕಿ ಭಾಕ್ರಿ ಜಾಸ್ತಿ, ಜೋಳದ್ದೇ ಬೇಕು ಅಂದ್ರೆ ಹಿಟ್ಟು ನೀವೇ ಒಯ್ದು ಕೊಡ್ರಿ.

7. ಮಕ್ಕಳ ಸುರಕ್ಷತೆ

ಇದರಲ್ಲಿ ರಾಜಿ ಇಲ್ಲ. ಪ್ರತಿ ಮಗುವಿಗೂ ಅಪ್ಪ ಅಥವಾ ಅಮ್ಮ ಸಹಿ ಮಾಡಿದ ಒಪ್ಪಿಗೆ ಪತ್ರ, ಅದರಲ್ಲಿ ಅಲರ್ಜಿ, ಫಿಟ್ಸ್, ಅಸ್ತಮಾ, ದಿನಾ ತಗೊಳೋ ಮಾತ್ರೆ. ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಬಾಗಿಲು ಹಾಕಿದ ರೂಮಲ್ಲಿ ಇರಕೂಡದು, ಪ್ರಾರ್ಥನೆ ಮಾಡೋಕೂ, ಕೌನ್ಸಿಲಿಂಗಿಗೂ, ಪಾಸ್ಟರ್ ಆದ್ರೂ. ಎಲ್ಲರಿಗೂ ಕಾಣೋ ಜಾಗದಲ್ಲಿ ಕೂತು ಮಾತಾಡ್ಲಿ. ಲೈಂಗಿಕ ದೌರ್ಜನ್ಯ ಆಗಿದೆ ಅಂತ ಮಗು ಹೇಳಿದ್ರೆ ಪೋಕ್ಸೋ ಕಾಯ್ದೆ, ಅಂದ್ರೆ ಮಕ್ಕಳನ್ನ ಅಂಥದ್ದರಿಂದ ಕಾಯೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸೋದು ಕಡ್ಡಾಯ, ತಿಳಿಸದೆ ಮುಚ್ಚಿಟ್ರೆ ಅದೇ ಅಪರಾಧ. "ಸಭೆಯ ಮರ್ಯಾದೆ, ನಾವೇ ಕೂತು ಬಗೆಹರಿಸೋಣ" ಅನ್ನೋ ಹಿರಿಯರಿಗೆ ಈ ಸಾಲು ತೋರಿಸ್ರಿ. ಮಕ್ಕಳ ಸಹಾಯವಾಣಿ 1098 ನಂಬರ್ ಊಟದ ಹಾಲಲ್ಲಿ ಅಂಟಿಸಿರಲಿ.

ನೀರಿಗೆ ಇಳಿಸೋದು ಬ್ಯಾಡ. ಪವನಾ, ಮುಳಶಿ ಹಿನ್ನೀರು ದಡದಲ್ಲಿ ಮೊಣಕಾಲಷ್ಟು ಕಾಣ್ತದೆ, ಎರಡು ಹೆಜ್ಜೆಗೆ ಆಳ. 2024ರ ಜೂನ್ ಕೊನೆಗೆ ಲೋನಾವಳಾದ ಭುಶಿ ಡ್ಯಾಮ್ ಹತ್ತಿರದ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದ್ರು, ನೀರು ಏರೋಕೆ ನಿಮಿಷಗಳು ಸಾಕು.

ಹಾವು. ಕಟ್ಟು ಹಾವು ರಾತ್ರಿ ಓಡಾಡ್ತದೆ, ನೆಲದ ಮೇಲೆ ಮಲಗಿದವರನ್ನ ಕಚ್ತದೆ, ನೋವು ಗೊತ್ತೇ ಆಗೋದಿಲ್ಲ, ಬೆಳಗಾಗ್ತಿದ್ದ ಹಾಗೆ ಹೊಟ್ಟೆನೋವು, ರೆಪ್ಪೆ ಜೋಲೋದು. ಮಂಚ ಇಲ್ಲದಿದ್ರೆ ಸೊಳ್ಳೆ ಪರದೆ ಕಟ್ಟಿ ಅಂಚನ್ನ ಹಾಸಿಗೆ ಕೆಳಗೆ ಸಿಕ್ಕಿಸ್ರಿ. ಕಚ್ಚಿದ್ರೆ ಕೊಯ್ಯೋದು, ಬಿಗಿಯಾಗಿ ಕಟ್ಟೋದು, ಮಂತ್ರ ಹಾಕಿಸೋದು ಯಾವುದೂ ಬ್ಯಾಡ, ಬರೀ ಪ್ರಾರ್ಥನೆ ಮಾಡ್ತಾ ಕಾಯೋದೂ ಬ್ಯಾಡ, ಗಾಡಿಯಲ್ಲಿ ಪ್ರಾರ್ಥನೆ ಮಾಡ್ರಿ. ಕೈಕಾಲು ಅಲ್ಲಾಡಿಸದೆ ಮಲಗಿಸಿ 108ಕ್ಕೆ ಫೋನ್. ಹೋಗೋ ಮುಂಚೆಯೇ ಹತ್ತಿರದ ಗ್ರಾಮೀಣ ಆಸ್ಪತ್ರೆಗೆ ಹೋಗಿ ಆಂಟಿವೆನಮ್, ಅಂದ್ರೆ ಹಾವಿನ ವಿಷಕ್ಕೆ ಕೊಡೋ ಔಷಧಿ, ಸ್ಟಾಕ್ ಇದೆಯಾ ಕೇಳಿರ್ಬೇಕು, ರಾತ್ರಿ ಅಲ್ಲಿಗೆ ಎಷ್ಟು ಹೊತ್ತು ಹಿಡೀತದೆ ಗಾಡಿ ಓಡಿಸಿ ನೋಡಿರ್ಬೇಕು. ಒಂದು ಗಾಡಿ, ಒಬ್ಬ ಡ್ರೈವರ್ ರಾತ್ರಿ ಇಡೀ ಅಲ್ಲೇ ಇರ್ಲಿ.

ಕ್ಯಾಂಪ್‌ಫೈರ್ ಹಚ್ಚೋ ಮುಂಚೆ ಮರದ ಮೇಲೆ ಹೆಜ್ಜೇನು ಗೂಡು ಇದೆಯಾ ನೋಡ್ರಿ, ಹೊಗೆ ಹೋದ್ರೆ ಏಳ್ತವೆ. ಫೆಬ್ರುವರಿಯಿಂದ ಮಳೆ ಬರೋ ತನಕ ಬೆಂಕಿಯೇ ಬ್ಯಾಡ, ಒಣ ಹುಲ್ಲಿಗೆ ಒಂದು ಕಿಡಿ ಸಾಕು, ಸೋಲಾರ್ ಲ್ಯಾಂಪ್ ಸುತ್ತ ಕೂತೂ ಕೀರ್ತನೆ ಹಾಡಬಹುದು.

8. ಕಾರ್ಯಕ್ರಮ

ಇದನ್ನ ನೀವು ನನಗಿಂತ ಚೆನ್ನಾಗಿ ಮಾಡ್ತೀರಿ, ಎರಡೇ ಮಾತು. ಪ್ರತಿ ಗಂಟೆಗೂ ಸಂದೇಶ ತುಂಬಿಸಬೇಡ್ರಿ, ಕಾಡಿಗೆ ಕರ್ಕೊಂಡು ಹೋಗಿ ಹಾಲಲ್ಲಿ ಟ್ಯೂಬ್‌ಲೈಟ್ ಕೆಳಗೆ ಕೂರಿಸೋಕೆ ಲೋನಾವಳಾ ಯಾಕೆ ಬೇಕಿತ್ತು? ಬೆಳಗಿನ ಮೌನ ಧ್ಯಾನಕ್ಕೆ ಒಂದು ಗಂಟೆ, ಮಧ್ಯಾಹ್ನ ಊಟದ ಮೇಲೆ ಎರಡು ಗಂಟೆ ಖಾಲಿ ಬಿಡ್ರಿ. ಮತ್ತೆ, ಇಲ್ಲೇ ಹುಟ್ಟಿದ ಮಕ್ಕಳು ಕನ್ನಡ ಮಾತಾಡ್ತಾರೆ, ಓದೋಕೆ ಬರಲ್ಲ. ಕೀರ್ತನೆಗಳನ್ನ ಒಂದು ಕಡೆ ಕನ್ನಡ ಅಕ್ಷರದಲ್ಲಿ, ಎದುರು ಪುಟದಲ್ಲಿ ಅದೇ ಕನ್ನಡವನ್ನ ದೇವನಾಗರಿಯಲ್ಲಿ ಪ್ರಿಂಟ್ ಮಾಡ್ಸಿ. ಬಾಯಿ ಮುಚ್ಕೊಂಡು ಕೂತಿರೋ ಹುಡುಗರೂ ಹಾಡ್ತಾರೆ.

9. ಮುಗಿದ ಮೇಲೆ ಲೆಕ್ಕ, ಮಳೆಗೆ ಮುಂಚೆ ಬೀಗ

ವಾಪಸ್ ಬಂದು ಎರಡು ವಾರದೊಳಗೆ ಪ್ರತಿ ದಾನಿಗೂ ಒಂದು ಪುಟದ ಲೆಕ್ಕ ಹೋಗಲಿ, ನೂರು ರೂಪಾಯಿ ಕೊಟ್ಟವರಿಗೂ. ಬಂದದ್ದು, ಖರ್ಚಾದದ್ದು, ಉಳಿದದ್ದು ಎಲ್ಲಿದೆ. ಕೊರತೆ ಬಿದ್ದಿದ್ರೆ ಅದನ್ನೂ ಬರೀರಿ. ಮಕ್ಕಳ ಮುಖದ ಫೋಟೋ ಬ್ಯಾಡ, ಅಪ್ಪ ಅಮ್ಮ ಒಪ್ಪಿದ್ದರೆ ಮಾತ್ರ. 80ಜಿ ಇರೋ ಟ್ರಸ್ಟುಗಳು ಹಿಂದಿನ ಹಣಕಾಸು ವರ್ಷದ ದಾನಿಗಳ ಪಟ್ಟಿ ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ ಸರ್ಟಿಫಿಕೇಟ್ ಕೊಡ್ಬೇಕು, ಅದಕ್ಕೆ ದಾನಿಗಳ ಪ್ಯಾನ್ ನಂಬರ್ ದುಡ್ಡು ತಗೊಳೋವಾಗಲೇ ಬರೆಸ್ಕೊಳ್ರಿ, ಮೇ ತಿಂಗಳಲ್ಲಿ ಎಲ್ಲರೂ ಊರಿಗೆ ಹೋಗಿರ್ತಾರೆ, ಫೋನ್ ಎತ್ತಲ್ಲ.

ಸ್ವಂತ ಜಾಗ ಇದ್ರೆ ಮೇ ಕೊನೆಯೊಳಗೆ ಸೆಪ್ಟಿಕ್ ಟ್ಯಾಂಕ್ ಖಾಲಿ, ಹೆಂಚು ಮತ್ತು ತಗಡಿನ ಶೀಟ್ ರಿಪೇರಿ, ಚರಂಡಿ ಸಾಫ್, ಹಾಸಿಗೆಗಳನ್ನ ಬಿಸಿಲಿಗೆ ಹಾಕಿ ಪ್ಲಾಸ್ಟಿಕ್ ಸುತ್ತಿ ಎತ್ತರದಲ್ಲಿ ಇಡೋದು, ಗ್ಯಾಸ್ ಸಿಲಿಂಡರ್ ರೆಗ್ಯುಲೇಟರ್ ಬಿಚ್ಚೋದು, ಮೇನ್ ಸ್ವಿಚ್ ಆಫ್. ವಾಚ್‌ಮನ್‌ಗೆ ಜೂನ್‌ನಿಂದ ಸೆಪ್ಟೆಂಬರ್ ಸಂಬಳ ನಾಲ್ಕು ತಿಂಗಳದ್ದೂ ಮೊದಲೇ ಅಕೌಂಟಲ್ಲಿ ತೆಗೆದಿಡ್ರಿ, ಆ ನಾಲ್ಕು ತಿಂಗಳು ಕ್ಯಾಂಪಿಲ್ಲ, ಕಾಣಿಕೆನೂ ಬರಲ್ಲ, ಆದ್ರೆ ರೇನ್‌ಕೋಟ್ ಹಾಕ್ಕೊಂಡು ದಿನಾ ಹೋಗಿ ಹಾಲಿನ ಬಾಗಿಲು ನೋಡ್ಕೊಂಡು ಬರೋದು ಅವನೊಬ್ಬನೇ.